ತಮ್ಮ ಕೊಟ್ಟ ಒಂಬತ್ತು ಚೀಲ

ನಮ್ಮ ರಕ್ತಕೇಂದ್ರದ ಅರ್ಜಿಯಲ್ಲಿ ಎಂಟನೆಯ ಪ್ರಶ್ನೆ ಹೀಗಿದೆ: ರೋಗಿಗೆ ಮುಂದೆ ಅಸ್ಥಿಮಜ್ಜೆಯ ಕಸಿ ಮಾಡುವ ಯೋಚನೆ ಇದೆಯೇ? ಅದರ ಮುಂದೆ ಎರಡು ಚೌಕಗಳಿವೆ. ಸೂಡಿಯಿಂದ ಬಂದ ಆ ಯುವಕನ ಅರ್ಜಿಯಲ್ಲಿ 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದವಳು ನಾನು. ಆ ದಿನದ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ. ಅದೇ ನನಗೆ ಈಗಲೂ ಸಿಗುವ ಒಂದು ಸಣ್ಣ ಸಮಾಧಾನ, ಮತ್ತು ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ.

ಅವನಿಗೆ ಇಪ್ಪತ್ತೇಳು ವರ್ಷ. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳ ಕಾವಲು ಅವನ ಕೆಲಸ. ಒಸಡಿನಿಂದ ರಕ್ತ ಬರುವುದು ನಿಲ್ಲಲಿಲ್ಲವೆಂದು ರೋಣದಲ್ಲಿ ತೋರಿಸಿದ್ದಾನೆ. ಅಲ್ಲಿ ರಕ್ತಪರೀಕ್ಷೆ ಮಾಡಿದವರು ಎರಡನೆಯ ಸಲ ಎಣಿಸಿ ನೋಡಿ, ತಡಮಾಡದೆ ನಮ್ಮಲ್ಲಿಗೆ ಕಳಿಸಿದರು. ನಮ್ಮದು ದೊಡ್ಡ ಊರಿನ ದೊಡ್ಡ ಆಸ್ಪತ್ರೆ, ರೋಣದಿಂದ ಬಸ್ಸಿನಲ್ಲಿ ಮೂರು ತಾಸು. ಎಲುಬಿನೊಳಗಿನ ಮಜ್ಜೆ ತೆಗೆದು ನೋಡಿದಾಗ ರಕ್ತದ ಕ್ಯಾನ್ಸರ್ ಎಂದು ಖಚಿತವಾಯಿತು, ಅದರಲ್ಲೂ ಬೇಗ ಬೆಳೆಯುವ ಜಾತಿಯದು. ಡಾಕ್ಟರು ಮೊದಲ ದಿನವೇ ಎರಡು ಹಂತ ಹೇಳಿದರು. ಮೊದಲು ಔಷಧದಿಂದ ರೋಗವನ್ನು ತಗ್ಗಿಸುವುದು, ಆಮೇಲೆ ಒಡಹುಟ್ಟಿದವರ ಮಜ್ಜೆಯಿಂದ ಕಸಿ. ಕಸಿ ಇಲ್ಲದಿದ್ದರೆ ಈ ಜಾತಿಯ ರೋಗ ಮರಳಿ ಬರುವುದೇ ಹೆಚ್ಚು ಎಂದೂ ಹೇಳಿದರು.

ಅವನ ತಾಯಿ ಎರಡನೆಯ ಹಂತಕ್ಕೆ ಒಪ್ಪಲಿಲ್ಲ. "ಒಬ್ಬವಂದು ರಕ್ತ ಕೆಟ್ಟೈತಿ ಅಂತೀರಿ. ಇನ್ನೊಬ್ಬವನ ಎಲುಬಿಗಿ ಯಾಕ ಕೈ ಹಾಕ್ತೀರಿ? ಔಷಧ ಏನೈತಿ ಅದನ್ನ ಕೊಡ್ರಿ," ಎಂದಳು. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಇಬ್ಬರು ಗಂಡುಮಕ್ಕಳು, ನರಗುಂದಕ್ಕೆ ಕೊಟ್ಟ ಒಬ್ಬ ಮಗಳು. ಡಾಕ್ಟರು ಒತ್ತಾಯಿಸಲಿಲ್ಲ. ನಾನು 'ಇಲ್ಲ' ಎಂದು ಗುರುತು ಹಾಕಿ ಕಾಗದವನ್ನು ಕಡತಕ್ಕೆ ಸೇರಿಸಿದೆ.

ಇಲ್ಲಿ ನನ್ನ ಕೆಲಸವನ್ನು ಸ್ವಲ್ಪ ಹೇಳಬೇಕು. ಪ್ಲೇಟ್‌ಲೆಟ್ ತೆಗೆಯುವ ಯಂತ್ರವನ್ನು ನಡೆಸುವವಳು ನಾನು. ದಾನಿಯ ತೋಳಿನಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಷ್ಟೇ ಹಳದಿ ಬಣ್ಣದ ಒಂದು ಚೀಲದಲ್ಲಿ ನಿಲ್ಲುತ್ತವೆ, ಉಳಿದದ್ದು ದಾನಿಗೇ ಮರಳುತ್ತದೆ. ಒಂದೂವರೆ ತಾಸಿನ ಕೆಲಸ. ಕ್ಯಾನ್ಸರ್ ಔಷಧ ನಡೆದಿರುವಾಗ ರೋಗಿಗೆ ಇಂಥ ಚೀಲಗಳು ಮತ್ತೆ ಮತ್ತೆ ಬೇಕಾಗುತ್ತವೆ. ಆದರೆ ನಮ್ಮ ಕಡೆಯ ಜನ ರಕ್ತ ಕೊಡಲು ಹಿಂಜರಿಯುತ್ತಾರೆ. ಹೊಲದ ಕೆಲಸಕ್ಕೆ ಶಕ್ತಿ ಸಾಲದಾಗುತ್ತದೆ ಎನ್ನುತ್ತಾರೆ. ಕೊಟ್ಟರೂ ತಮ್ಮ ಮನೆಯವರಿಗೆ ಮಾತ್ರ ಕೊಡುತ್ತಾರೆ, ಕಂಡರಿಯದವರ ರಕ್ತ ತಮ್ಮವರ ಮೈಗೆ ಹೋಗುವುದೂ ಅವರಿಗೆ ಸರಿಬರುವುದಿಲ್ಲ. ನನ್ನ ತವರು ಅಬ್ಬಿಗೇರಿ, ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ನಾನೊಂದು ದಾರಿ ಕಂಡುಕೊಂಡಿದ್ದೆ. ಉಪದೇಶ ಮಾಡಹೋಗುತ್ತಿರಲಿಲ್ಲ. "ನಿಮ್ಮ ಚೀಲ ನಿಮ್ಮವರಿಗೇ" ಎಂದು ಮಾತು ಕೊಡುತ್ತಿದ್ದೆ, ಕೊಟ್ಟ ಮಾತಿನಂತೆ ನಡೆಯುತ್ತಿದ್ದೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ರೋಗಿ ಬಂದರೆ ಡಾಕ್ಟರುಗಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನನಗೆ ಅದರ ಜಂಬ ಸಾಕಷ್ಟಿತ್ತು.

ರೋಗಿಯ ತಮ್ಮ ಗೋವಾದಲ್ಲಿ ಟೈಲ್ಸ್ ಕೂಡಿಸುವ ಕೆಲಸ ಮಾಡುತ್ತಿದ್ದ. ನಾನು ಫೋನ್ ಮಾಡಿದ ಮರುದಿನ ಬೆಳಿಗ್ಗೆ ಬಸ್ಸಿಳಿದು, ಬೆರಳಿನ ಸಂದಿಯಲ್ಲಿ ಬಿಳಿ ಸಿಮೆಂಟು ಇರುವಂತೆಯೇ ಬಂದು ಕುರ್ಚಿಯಲ್ಲಿ ಒರಗಿದ. ಯಂತ್ರ ತಿರುಗುವಾಗ ತುಟಿ ಜುಮುಜುಮು ಎನ್ನುತ್ತದೆ. ಹೆದರಬೇಡ ಎಂದು ಕ್ಯಾಲ್ಸಿಯಂ ಗುಳಿಗೆ ಕೊಟ್ಟೆ.

"ಅಕ್ಕಾರ, ಇದು ಮತ್ತ್ಯಾರಿಗೂ ಹೋಗಂಗಿಲ್ಲ, ಹೌದಲ್ರಿ?"

"ಇಲ್ಲೋ ತಮ್ಮಾ. ನಿನ್ನ ಕಣ್ಣ ಮುಂದ ಹಚ್ಚಿಸ್ತೇನಿ."

ಅವನು ಚೀಲದ ಹಿಂದೆಯೇ ವಾರ್ಡಿಗೆ ಹೋಗಿ, ಅದು ಅಣ್ಣನ ಹಾಸಿಗೆಯ ಪಕ್ಕದ ಕಂಬಿಗೆ ತೂಗುವವರೆಗೂ ನಿಂತು ನೋಡಿದ. ಮೊದಲ ತಿಂಗಳಲ್ಲಿ ನಾಲ್ಕು ಸಲ ಕೊಟ್ಟ. ಗೋವಾಕ್ಕೆ ಹೋಗಿ ಮತ್ತೆ ಬಂದ, ಮತ್ತೆ ಕೊಟ್ಟ. ಅಣ್ಣನಿಗೆ ಚೇಷ್ಟೆಯ ಸ್ವಭಾವ. "ಇವನ ಚೀಲ ಏರಿಸಿದ ದಿನ ನನಗೂ ಗೋವಾದ ಮೀನ ತಿನ್ನಬೇಕನಸ್ತೈತ್ರಿ ಅಕ್ಕಾರ. ಅವ್ವಗ ಹೇಳಬ್ಯಾಡ್ರಿ ಮತ್ತ," ಎನ್ನುತ್ತಿದ್ದ. ಕೂದಲು ಉದುರಿ, ಬಾಯಿತುಂಬ ಹುಣ್ಣಾಗಿದ್ದಾಗಲೂ ಅವನು ತಮ್ಮನನ್ನು ರೇಗಿಸುವುದನ್ನು ಬಿಡಲಿಲ್ಲ.

ಹತ್ತಿರದ ಸಂಬಂಧಿಕರ ರಕ್ತಕ್ಕೆ ವಿಕಿರಣ ಹಾಯಿಸಿಯೇ ಏರಿಸಬೇಕೆಂಬ ನಿಯಮವಿದೆ. ಅದನ್ನು ಪ್ರತಿ ಸಲ ಪಾಲಿಸಿದ್ದೇವೆ. ಇನ್ನೊಂದು ನಿಯಮವೂ ಇದೆ. ಮುಂದೆ ಯಾರ ಮಜ್ಜೆ ಪಡೆಯಬೇಕಾಗಬಹುದೋ ಅವರ ರಕ್ತವನ್ನು ರೋಗಿಗೆ ಮುಂಚಿತವಾಗಿ ಏರಿಸಬಾರದು. ರೋಗಿಯ ದೇಹ ಆ ರಕ್ತದಲ್ಲಿರುವ ಪರಕೀಯ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ, ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಂಡು ಕಾಯುತ್ತದೆ. ನಾಳೆ ಅದೇ ಮನುಷ್ಯನ ಮಜ್ಜೆ ಬಂದರೆ ಅದನ್ನು ಬೇರೂರಲು ಬಿಡುವುದಿಲ್ಲ. ಎಂಟನೆಯ ಪ್ರಶ್ನೆ ಅರ್ಜಿಯಲ್ಲಿರುವುದೇ ಇದಕ್ಕಾಗಿ. ಕಸಿ ಇಲ್ಲವೆಂದ ಮೇಲೆ ಈ ನಿಯಮ ನಮಗೆ ಅನ್ವಯಿಸುವುದಿಲ್ಲ ಎಂದುಕೊಂಡೆ.

ನಾಲ್ಕನೆಯ ತಿಂಗಳಿಗೆ ರೋಗ ತಗ್ಗಿತು. ಮಜ್ಜೆಯಲ್ಲಿ ಕೆಟ್ಟ ಕಣಗಳು ಕಾಣಲಿಲ್ಲ. ಕಸಿಗೆ ಇದೇ ಸಮಯ, ತಾಯಿಯನ್ನು ಒಪ್ಪಿಸಲು ನೋಡಿ ಎಂದು ಡಾಕ್ಟರು ನನಗೇ ಹೇಳಿದರು. ನಾನು ತಾಯಿಯನ್ನು ಯಂತ್ರದ ಪಕ್ಕಕ್ಕೇ ಕರೆತಂದು ಕೂರಿಸಿದೆ. "ಎಲುಬು ಕೊರಿಯೂದಿಲ್ಲವ್ವಾ. ನಿನ್ನ ಸಣ್ಣ ಮಗಗ ಒಂದೈದು ದಿನ ಸೂಜಿ ಕೊಡ್ತೇವಿ. ಮಜ್ಜೆಯೊಳಗಿನ ಬೀಜದ ಕಣ ರಕ್ತಕ್ಕ ಬರ್ತಾವು. ಇದ ಮಷಿನ್‌ನಾಗ, ಇದ ಕುರ್ಚೀ ಮ್ಯಾಲೆ ಕೂಡಿಸಿ ತಗೊತೇವಿ. ಅವಗಿದು ಹೊಸಾದಲ್ಲ," ಎಂದೆ. ಅವಳು ಆ ಕುರ್ಚಿಯನ್ನು ಬಹಳ ಹೊತ್ತು ನೋಡಿ, "ನೀ ನಮ್ಮ ಸೀಮ್ಯಾಕಿ. ನೀ ಅಂದ್ರ ಆತು," ಎಂದಳು.

ಅದೇ ದಿನ ಕಡತ ತೆಗೆದು ಎಂಟನೆಯ ಪ್ರಶ್ನೆಯ ಉತ್ತರ ತಿದ್ದಬೇಕಿತ್ತು. ತಿದ್ದಲಿಲ್ಲ. ವಾರ್ಡಿನವರು ರಕ್ತಕೇಂದ್ರದವರು ತಿದ್ದಿರುತ್ತಾರೆ ಎಂದುಕೊಂಡರು, ನಾನು ಏನೂ ಅಂದುಕೊಳ್ಳಲಿಲ್ಲ, ಗೆದ್ದ ಖುಷಿಯಲ್ಲಿದ್ದೆ. ಹೊಂದಾಣಿಕೆಯ ಪರೀಕ್ಷೆಗೆ ಎಲ್ಲರ ರಕ್ತವನ್ನು ಹೊರಗೆ ಕಳಿಸಿ ವರದಿ ಬರುವ ನಡುವೆ ಅಣ್ಣನಿಗೆ ಇನ್ನೊಂದು ಸುತ್ತು ಔಷಧ ನಡೆಯಿತು, ಪ್ಲೇಟ್‌ಲೆಟ್ ಮತ್ತೆ ಇಳಿಯಿತು. ನಾನು ರೂಢಿಯಂತೆ ತಮ್ಮನಿಗೆ ಫೋನ್ ಮಾಡಿದೆ. ಎಂಟನೆಯ ಚೀಲ, ಒಂಬತ್ತನೆಯ ಚೀಲ. ಏರಿಸಿದ ಮೇಲೆ ಎಣಿಕೆ ಏರಲೇ ಇಲ್ಲ. ಏಳನೆಯ ಚೀಲಕ್ಕೂ ಹೀಗೇ ಆಗಿತ್ತು. ಜ್ವರವಿದೆ, ಅದಕ್ಕೆ ಕಣಗಳು ಖರ್ಚಾಗುತ್ತಿವೆ ಎಂದು ನಾನೇ ಷರಾ ಬರೆದೆ. ಹನ್ನೊಂದು ವರ್ಷ ಈ ಕೆಲಸ ಮಾಡಿದವಳಿಗೆ ಬೇರೆ ಅನುಮಾನ ಬರಬೇಕಿತ್ತು.

ವರದಿ ಬಂತು. ನರಗುಂದದಲ್ಲಿರುವ ಅಕ್ಕನದು ಏನೂ ಹೊಂದಲಿಲ್ಲ. ತಮ್ಮನದು ಅರ್ಧ ಹೊಂದಿತ್ತು, ತಾಯಿಯದು ಅರ್ಧ. ಈಗ ಅರ್ಧ ಹೊಂದಿದರೂ ಕಸಿ ಮಾಡಬಹುದು, ತಾಯಿಗೆ ವಯಸ್ಸೂ ಸಕ್ಕರೆ ಕಾಯಿಲೆಯೂ ಇರುವುದರಿಂದ ತಮ್ಮನೇ ಸರಿ ಎಂದರು ಡಾಕ್ಟರು. ಅಣ್ಣ ಆ ಸಂಜೆ ನಮಗೆಲ್ಲ ಗಿರಮಿಟ್ಟು ತರಿಸಿದ. ತಾನು ತಿನ್ನುವಂತಿರಲಿಲ್ಲ, ನಾವು ತಿನ್ನುವುದನ್ನು ನೋಡುತ್ತ ಕುಳಿತ.

ಕಸಿಗೆ ಮೊದಲು ಒಂದು ಕೊನೆಯ ಪರೀಕ್ಷೆ ಇರುತ್ತದೆ. ದಾನಿಯ ವಿರುದ್ಧ ರೋಗಿಯಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡುವುದು. ಆ ವರದಿ ಬಂದ ದಿನ ಡಾಕ್ಟರು ನನ್ನನ್ನು ಕೋಣೆಗೆ ಕರೆದರು.

"ಈ ತಮ್ಮನ ಪ್ಲೇಟ್‌ಲೆಟ್ ಎಷ್ಟು ಸಲ ಕೊಟ್ಟಿದ್ದೇವೆ?"

"ಒಂಬತ್ತು ಸಲ ಸರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮನಲ್ಲಿ ಅಣ್ಣನಿಗೆ ಹೊಂದದಿರುವ ಅರ್ಧ ಯಾವುದೋ ಅದರ ವಿರುದ್ಧವೇ ಅಣ್ಣನ ಮೈಯಲ್ಲಿ ಪ್ರತಿಕಾಯಗಳು ದಟ್ಟವಾಗಿ ಎದ್ದಿದ್ದವು. ಆ ಅರ್ಧ ತಮ್ಮನಿಗೆ ಬಂದದ್ದು ತಾಯಿಯಿಂದ. ಹಾಗಾಗಿ ತಾಯಿಯ ಮಜ್ಜೆಯ ದಾರಿಯೂ ಅದೇ ಏಟಿಗೆ ಮುಚ್ಚಿತು. ಹೊರಗಿನ ದಾನಿಗಳ ಪಟ್ಟಿಯಲ್ಲಿ ಹುಡುಕಿಸಿದೆವು. ಹೊಂದುವವರು ಯಾರೂ ಸಿಗಲಿಲ್ಲ.

ಉಳಿದದ್ದು ಒಂದೇ ಪ್ರಯತ್ನ. ರೋಗಿಯ ರಕ್ತದ ನೀರಿನಂಥ ಭಾಗವನ್ನು, ಅಂದರೆ ಪ್ಲಾಸ್ಮಾವನ್ನು, ಹೊರತೆಗೆದು ಬೇರೆಯದನ್ನು ತುಂಬುವುದು. ಪ್ರತಿಕಾಯಗಳು ಅದರಲ್ಲೇ ಇರುತ್ತವೆ. ಮನೆಯವರಿಗೆ "ಒಂದು ಅಡ್ಡಿ ಐತಿ, ರಕ್ತ ತೊಳೀಬೇಕು" ಎಂದಷ್ಟೇ ಹೇಳಿದೆವು. ಅದನ್ನು ಮಾಡುವುದೂ ನನ್ನ ಯಂತ್ರವೇ, ನಡೆಸಬೇಕಾದವಳೂ ನಾನೇ. ದಿನ ಬಿಟ್ಟು ದಿನ, ಐದು ಸಲ. ಅಣ್ಣ ಆ ಕುರ್ಚಿಯಲ್ಲಿ ಕಂಬಳಿ ಹೊದ್ದು ನಡುಗುತ್ತ ಕೂರುತ್ತಿದ್ದ. ಪ್ರತಿ ಸಲ ತೆಗೆದದ್ದನ್ನು ಅಳೆದು ಬರೆದುಕೊಂಡು, ಅದನ್ನು ನಾಶಪಡಿಸಲು ಕಳಿಸಿಕೊಡುತ್ತಿದ್ದೆ. ಪ್ರತಿಕಾಯದ ಅಂಕಿ ಅರ್ಧಕ್ಕಿಳಿಯಿತು. ನಾನು ಹೋದಲ್ಲಿ ಬಂದಲ್ಲಿ ದೇವರಿಗೆ ಕೈಮುಗಿದೆ. ಒಂದು ವಾರ ಬಿಟ್ಟು ನೋಡಿದರೆ ಅಂಕಿ ಮೊದಲಿನಷ್ಟೇ ಆಗಿತ್ತು. ಮತ್ತೊಂದು ಸುತ್ತಿಗೆ ತಯಾರಿ ನಡೆಸಿದ್ದಾಗ ರಕ್ತದಲ್ಲಿ ಕೆಟ್ಟ ಕಣಗಳು ಮತ್ತೆ ಕಂಡವು. ರೋಗ ಮರಳಿತ್ತು. ಕಸಿ ರದ್ದಾಯಿತು.

"ತಮ್ಮನದು ಹೊಂದಲಿಲ್ಲ ಎಂದು ಹೇಳಿಬಿಡಿ," ಎಂದರು ಡಾಕ್ಟರು. "ಪಾಪ, ಆ ಹುಡುಗ ಒಂಬತ್ತು ಸಲ ಓಡಿಬಂದು ಕೊಟ್ಟಿದ್ದಾನೆ. ಅದರಿಂದಲೇ ಹೀಗಾಯಿತು ಎಂದು ಅವನಿಗೇಕೆ ಹೇಳಬೇಕು?"

ತಮ್ಮನಿಗೆ ಮಾಡುವ ಉಪಕಾರವೆಂದೇ ನಾನೂ ಒಪ್ಪಿದೆ. ಆದರೆ ಒಳಗೆ ಬೇರೆ ಕಾರಣವಿತ್ತು. ನನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು ಹಗುರಾದೆ. ಮೊಗಸಾಲೆಯಲ್ಲಿ ಕುಳಿತಿದ್ದ ತಾಯಿ, ಅಕ್ಕ, ತಮ್ಮ ಮೂವರಿಗೂ ಹೇಳಿದೆ: "ತಮ್ಮನದು ಹೊಂದಲಿಲ್ಲ."

"ಅರ್ಧ ಹೊಂದೈತಿ, ಅಷ್ಟ ಸಾಕು ಅಂದಿದ್ರೆಲ್ರಿ?" ಎಂದ ತಮ್ಮ.

"ಮುಂದ ನೋಡಿದ್ರ ಹೊಂದಲಿಲ್ಲಪಾ," ಎಂದೆ.

ಆಮೇಲಿನ ಹತ್ತು ದಿನ ತಾಯಿ ಆಸ್ಪತ್ರೆಗೆ ಬರಲಿಲ್ಲ. ಅಣ್ಣನಿಗೆ ಕ್ಯಾನ್ಸರ್ ಔಷಧ ನಿಲ್ಲಿಸಿ, ನೋವಿಗೆ, ಜ್ವರಕ್ಕೆ ಮಾತ್ರ ಕೊಡುತ್ತಿದ್ದರು. ತಮ್ಮ ಗೋವಾದ ಕೆಲಸ ಬಿಟ್ಟು ಹಾಸಿಗೆಯ ಬುಡದಲ್ಲೇ ಇದ್ದ. ಮೈ ಒರೆಸುವುದು, ಕಾಲೊತ್ತುವುದು, ಗಂಜಿ ಕುಡಿಸುವುದು ಎಲ್ಲ ಅವನೇ. ಅಣ್ಣ ದಿನಾ ಕೇಳುತ್ತಿದ್ದ, "ಅವ್ವ ಯಾಕ ಬರವಲ್ಲಳು?" ಸಕ್ಕರೆ ಏರಿದೆಯಂತೆ ಎಂದು ತಮ್ಮ ಏನೋ ಹೇಳುತ್ತಿದ್ದ. ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ತಡೆದಳು.

"ಅಕ್ಕಾರ, ಊರಾಗ ಅವ್ವನ್ನ ಆಡಿಕೊಳ್ಳಾಕ ಹತ್ಯಾರ್ರಿ. ಅರ್ಧ ಹೊಂದಿತು ಅಂದ್ರ ಅವ್ವನ ಪಾಲಷ್ಟ ಹೊಂದಿತು, ಅಪ್ಪಂದು ಬ್ಯಾರೆ ಅಂತಾರ್ರಿ. ನಂದಂತೂ ಏನೂ ಹೊಂದಲಿಲ್ಲಲ್ರಿ, ನನಗ ಅತ್ತಿ ಮನ್ಯಾಗ ಮುಖಾ ಎತ್ತಾಕ ಬರವಲ್ದು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಕಟ್ಟೀ ಮ್ಯಾಲೆ ಕುಂತ ಅಂದಾನಂತ, ನನ್ನ ತಮ್ಮ ಇದ್ದಿದ್ರ ಕೇಳತಿದ್ದ ಅಂತ. ಅವ್ವ ಬಾಗಲಾ ಹಾಕ್ಕೊಂಡ ಕುಂತಾಳ್ರಿ. ಮಕ್ಕಳ ಮುಂದ ಹ್ಯಾಂಗ ನಿಂದರ್ಲಿ ಅಂತಾಳ."

ನನ್ನನ್ನು ಉಳಿಸಿಕೊಳ್ಳಲು ಹೇಳಿದ ಎರಡು ಪದ ಹೋಗಿ ಆ ತಾಯಿಯ ಕೊರಳಿಗೆ ಸುತ್ತಿಕೊಂಡಿತ್ತು. ನಾನು ಅದೇ ಸೀಮೆಯವಳು. ರಕ್ತ ಹೊಂದಲಿಲ್ಲ ಎಂದರೆ ಅಲ್ಲಿ ಏನು ಅರ್ಥ ಮಾಡಿಕೊಳ್ಳುತ್ತಾರೆಂಬುದು ನನಗೆ ಹೊಳೆಯಬೇಕಿತ್ತು.

ಅಣ್ಣನ ಹತ್ತಿರ ಹೋಗಿ, "ನಿಮ್ಮೂರಿಗೆ ಹೋಗಿ ನಿನ್ನ ವರದಿ ವಿಷಯ ಹೇಳ್ಲೇನು? ನೀ ಹೂಂ ಅಂದ್ರ ಮಾತ್ರ," ಎಂದೆ. ಅವನಿಗೆ ಮಾತಾಡಲು ಕಷ್ಟವಾಗುತ್ತಿತ್ತು. "ಏನರ ಹೇಳ್ರಿ. ಅವ್ವನ್ನ ಕರಕೊಂಡ ಬರ್ರಿ," ಎಂದ.

ಮರುದಿನ ರಜೆ ಹಾಕಿ, ರೋಣಕ್ಕೆ ಹೋಗಿ, ಅಲ್ಲಿಂದ ಸೂಡಿಯ ಬಸ್ಸು ಹಿಡಿದೆ. ತಮ್ಮನೂ ಬಂದ, ಬೇಡವೆಂದರೂ ಕೇಳಲಿಲ್ಲ. ಕಡಲೆ ಕೀಳುವ ಕಾಲ, ಎರೆಹೊಲದಲ್ಲಿ ಜನ ಬಗ್ಗಿ ಕೆಲಸ ಮಾಡುತ್ತಿದ್ದರು. ಬಸ್ಸಿನಲ್ಲಿ ಅವನು ಅಣ್ಣನ ಸುದ್ದಿ ಎತ್ತಲಿಲ್ಲ, ಗೋವಾದಲ್ಲಿ ತಾನು ಟೈಲ್ಸ್ ಹಾಕಿದ ಒಂದು ಹೋಟೆಲಿನ ಈಜುಕೊಳದ ವಿಷಯ ಹೇಳಿದ.

ಮನೆಯ ಪಡಸಾಲೆಯಲ್ಲಿ ದೊಡ್ಡಪ್ಪನನ್ನೂ ಕರೆಸಿದೆ. ತಾಯಿ ಅಡಿಗೆಮನೆಯ ಬಾಗಿಲಿಗೆ ಒರಗಿ ಸೆರಗು ಹೊದ್ದು ನಿಂತಳು. ಚೀಲದಿಂದ ನಾಲ್ಕೂ ಜನರ ವರದಿ ತೆಗೆದು ಹಾಸಿದೆ. ಬೆರಳಿಟ್ಟು ತೋರಿಸಿದೆ. ಪ್ರತಿಯೊಬ್ಬರಿಗೂ ತಾಯಿಯ ಎರಡು ಪಾಲಿನಲ್ಲಿ ಒಂದು, ತಂದೆಯ ಎರಡು ಪಾಲಿನಲ್ಲಿ ಒಂದು ಬರುತ್ತದೆ. ತಾಯಿಯ ವರದಿ ಇಲ್ಲೇ ಇದೆ. ಅವಳಲ್ಲಿ ಇಲ್ಲದ, ಆದರೆ ಅಣ್ಣತಮ್ಮಂದಿರಿಬ್ಬರಲ್ಲೂ ಇರುವ ಪಾಲು ಇದು.

"ಇದು ಯಾರದ್ರಿ ಹಂಗಾದ್ರ?" ಎಂದ ದೊಡ್ಡಪ್ಪ.

"ನಿಮ್ಮ ತಮ್ಮಂದು. ಇಬ್ಬರಿಗೂ ಹೊಂದಿದ್ದು ಅಪ್ಪನ ಪಾಲು. ಅಪ್ಪ ಅವ್ವ ಒಬ್ಬರ ಇದ್ರೂ ಮಕ್ಕಳಿಗೆ ಬ್ಯಾರೆ ಬ್ಯಾರೆ ಪಾಲು ಬರ್ತಾವು, ಅದಕ್ಕ ಅಕ್ಕಂದು ಹೊಂದಲಿಲ್ಲ. ಎಷ್ಟೋ ಮನ್ಯಾಗ ಹಿಂಗ ಆಗ್ತೈತಿ. ಈ ತಾಯಿ ಮ್ಯಾಲೆ ಮಾತಾಡಿದವರು ತಪ್ಪ ಮಾತಾಡ್ಯಾರ."

ದೊಡ್ಡಪ್ಪ ತಲೆ ತಗ್ಗಿಸಿದ. ತಾಯಿ ಬಾಗಿಲಲ್ಲೇ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಹೋದ ಕೆಲಸ ಅಲ್ಲಿಗೆ ಮುಗಿದಿತ್ತು. ಕಾಗದ ಮಡಚಿ ಎದ್ದಿದ್ದರೆ ಮುಗಿಯುತ್ತಿತ್ತು.

ಆದರೆ ದೊಡ್ಡಪ್ಪ ಮೆಲ್ಲಗೆ ಕೇಳಿದ, "ಮತ್ತ ಅಪ್ಪನ ಪಾಲು ಹೊಂದಿತ್ತಂದ್ರ, ಯಾಕ ಹಾಕಲಿಲ್ರಿ ಅಕ್ಕಾರ?"

ಏನಾದರೂ ಹೇಳಬಹುದಿತ್ತು. ರೋಗ ಮರಳಿತು ಎಂದರೂ ಸಾಕಿತ್ತು, ಅದು ನಿಜವೂ ಆಗಿತ್ತು. ಆದರೆ ಎದೆಯ ಮೇಲಿನ ಭಾರ ಇಳಿಸಿಕೊಳ್ಳುವ ಆಸೆ ನನಗೆ ಬಂದುಬಿಟ್ಟಿತ್ತು. ಒಂದು ಸುಳ್ಳಿನಿಂದ ಇಷ್ಟಾಯಿತಲ್ಲ, ಇನ್ನು ಪೂರ್ತಿ ಖರೇ ಹೇಳಿಬಿಡುತ್ತೇನೆ ಎಂದುಕೊಂಡೆ. ಎಂಟನೆಯ ಪ್ರಶ್ನೆ, ನಾನು ಹಾಕಿದ ಗುರುತು, ತಿದ್ದದೆ ಬಿಟ್ಟದ್ದು, ಒಂಬತ್ತು ಚೀಲ, ಪ್ರತಿಕಾಯ, ಎಲ್ಲ ಹೇಳಿದೆ. "ತಪ್ಪು ನಂದು. ಇವನದಲ್ಲ," ಎಂದು ಎರಡೆರಡು ಸಲ ಹೇಳಿದೆ.

ತಮ್ಮ ಕಂಬಕ್ಕೆ ಒರಗಿ ಕುಳಿತಿದ್ದ. ಅಲ್ಲಿಂದಲೇ ಕೇಳಿದ, "ಎಷ್ಟನೇ ಚೀಲಕ್ಕ ಹಿಂಗಾತ್ರಿ?"

"ಅದು ಗೊತ್ತಾಗೂದಿಲ್ಲ ತಮ್ಮಾ."

"ಮೊದಲನೇದಕ್ಕೂ ಆಗಿರಬಹುದೇನ್ರಿ?"

ಅವನು ಎದ್ದು ಹೊರಗೆ ಹೋದ. ತಾಯಿ ಮುಖದಿಂದ ಸೆರಗು ತೆಗೆದು ನನ್ನನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀ ಇದನ್ನ ಹೇಳಬಾರದಿತ್ತು. ಮಂದಿ ನನ್ನ ಅಂದ್ರ ಅನ್ನಲಿ ಬಿಡು, ನಾ ಇನ್ನೆಷ್ಟ ದಿನ ಇರಾಕಿ? ಒಬ್ಬವ ಹೊಂಟಾನ. ಉಳಿದವ ಇನ್ನ ಹ್ಯಾಂಗ ಬದುಕಬೇಕು, ಹೇಳು."

ಅವಳು ಸೀರೆ ಬದಲಿಸಿಕೊಂಡು ನನ್ನ ಜೊತೆ ಬಂದಳು. ಮೂವರೂ ಒಂದೇ ಬಸ್ಸಿನಲ್ಲಿ ಮರಳಿದೆವು, ತಮ್ಮ ಹಿಂದಿನ ಸೀಟಿನಲ್ಲಿ ಒಬ್ಬನೇ ಕುಳಿತ. ತಾಯಿ ವಾರ್ಡಿಗೆ ಹೋಗಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ತಮ್ಮ ವಾರ್ಡಿನ ಹೊರಗಿನ ಬೆಂಚಿನವರೆಗೆ ಬಂದ, ಒಳಗೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಅಣ್ಣ ಕಣ್ಣು ಬಿಟ್ಟಾಗ, "ತಮ್ಮ ಎಲ್ಲ್ಯಾನ್ರಿ? ಕಾಲ ಭಾಳ ಜಗ್ಗಾಕ ಹತ್ತ್ಯಾವು. ಅವ ಒತ್ತಿದ್ರ ಹಿತಾ ಆಗ್ತೈತಿ," ಎಂದ.

ನಾನು ಹೊರಗೆ ಹೋಗಿ ಬೆಂಚಿನ ಮುಂದೆ ನಿಂತೆ. "ಬಾರೋ ತಮ್ಮಾ. ಕಾಲ ಒತ್ತಿದ್ರ ಏನೂ ಆಗೂದಿಲ್ಲ. ಅವ ನಿನ್ನನ್ನ ಕೇಳಾಕ ಹತ್ಯಾನ."

ಅವನು ತನ್ನ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ. "ಬ್ಯಾಡ್ರಿ ಅಕ್ಕಾರ. ನಂದೇನೂ ಅವಗ ಒಗ್ಗೂದಿಲ್ಲ. ನಾ ಮುಟ್ಟೂದಿಲ್ರಿ."

ಎಷ್ಟು ಹೇಳಿದರೂ ಏಳಲಿಲ್ಲ. ನಾನು ಒಳಗೆ ಹೋದೆ. ಅಣ್ಣ ಬಾಗಿಲ ಕಡೆಗೇ ನೋಡುತ್ತಿದ್ದ. ತಾಯಿಯೂ ನೋಡಿದಳು.

"ಗೋವಾಕ್ಕ ಹೋಗ್ಯಾನಪಾ. ಕೆಲಸದವರು ಕರೆದ್ರಂತ," ಎಂದೆ.

ಅಣ್ಣನಿಗೆ ನಿಜವಾಗಿಯೂ ಸಮಾಧಾನವಾದಂತೆ ಕಂಡಿತು. "ಚಲೋ ಆತು ಬಿಡ್ರಿ. ನನ್ನ ಸಲುವಾಗಿ ಭಾಳ ಕೆಲಸ ಬಿಟ್ಟ," ಎಂದು ಕಣ್ಣು ಮುಚ್ಚಿದ.

ಮೂರನೆಯ ದಿನ ಅವನು ತೀರಿಹೋದ. ಅಲ್ಲಿಯವರೆಗೂ ತಮ್ಮ ಗೋಡೆಯ ಆಚೆಗಿನ ಅದೇ ಬೆಂಚಿನ ಮೇಲೆ ಕುಳಿತಿದ್ದ.